ಜ್ವರ ಬಿಟ್ಟರೂ ಬಿಡದ ಸುಸ್ತು: ಕತ್ತಿನ ಒಂದು ಗ್ರಂಥಿಯ ಚರಿತ್ರೆ

"ಜ್ವರ ಹೋಗಿ ತಿಂಗಳಾಯ್ತು, ಮೈಯಲ್ಲಿ ಇನ್ನೂ ಕಸುವೇ ಇಲ್ಲ." ನಮ್ಮ ಊರುಗಳಲ್ಲಿ ಈ ಮಾತು ಕೇಳದ ಮನೆ ಇಲ್ಲ. ಅದಕ್ಕೆ ಸಿಗುವ ಉತ್ತರಗಳೂ ಎಲ್ಲರಿಗೂ ಗೊತ್ತು. ಒಬ್ಬರು ಗ್ಲೂಕೋಸ್ ಬಾಟ್ಲಿ ಹಾಕಿಸಿಕೋ ಅನ್ನುತ್ತಾರೆ. ಇನ್ನೊಬ್ಬರು ದೃಷ್ಟಿ ತೆಗೆಸು ಅನ್ನುತ್ತಾರೆ. ಸುಸ್ತಾದವಳು ಮನೆಯ ಸೊಸೆಯಾಗಿದ್ದರೆ ಮೂರನೆಯ ಉತ್ತರವೂ ಇದೆ: "ಕೆಲಸ ತಪ್ಪಿಸ್ಕೊಳ್ಳೋಕೆ ನೆವ."

ಈ ಮೂರನೆಯ ಉತ್ತರವನ್ನು ಕೊಟ್ಟವರು ಹಳ್ಳಿಯವರು ಮಾತ್ರ ಅಲ್ಲ. ಲಂಡನ್ನಿನ ದೊಡ್ಡ ದೊಡ್ಡ ಡಾಕ್ಟರುಗಳೂ ಬೇರೆ ಬೇರೆ ಕಾಲದಲ್ಲಿ ಇದನ್ನೇ ಇಂಗ್ಲಿಷಿನಲ್ಲಿ, ನಯವಾಗಿ ಬರೆದಿದ್ದಾರೆ. ಅವರ ಮಾತು ಕೆಲವು ಸಲ ಸುಳ್ಳಾಯಿತು. ಹಾಗೆ ಸುಳ್ಳಾಗಿಸಿದ ಒಂದು ದೊಡ್ಡ ಸಾಕ್ಷಿ ಸಿಕ್ಕಿದ್ದು ಕತ್ತಿನಲ್ಲಿ, ಗಂಟಲ ಗಂಟಿನ ಸ್ವಲ್ಪ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಅಂಟಿಕೊಂಡಿರುವ ಥೈರಾಯ್ಡ್ ಗ್ರಂಥಿಯಲ್ಲಿ. ನಾವು ಇಲ್ಲಿ ಹೇಳಹೊರಟಿರುವುದು ಆ ಗ್ರಂಥಿಯ ಕಥೆ, ಅದರಲ್ಲೂ ವೈರಸ್ ಜ್ವರಕ್ಕೂ ಅದಕ್ಕೂ ಇರುವ ನಂಟಿನ ಕಥೆ.

ಮೊದಲೇ ಒಂದು ಮಾತು. "ನಂಗೆ ಥೈರಾಯ್ಡ್ ಇದೆ" ಅಂತ ನಾವು ಅನ್ನುತ್ತೇವಲ್ಲ, ಹಾಗೆ ನೋಡಿದರೆ ಎಲ್ಲರಿಗೂ ಥೈರಾಯ್ಡ್ ಇದೆ. ಅದು ರೋಗದ ಹೆಸರಲ್ಲ, ಅಂಗದ ಹೆಸರು. ಆಳಿನ ಕೈ ಒಂದು ಹಿಡಿಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ತೂಕ ಸುಮಾರು 20 ಗ್ರಾಂ. ಮೈಯ ಒಲೆ ಎಷ್ಟು ಜೋರಾಗಿ ಉರಿಯಬೇಕು ಅನ್ನುವುದನ್ನು ಹೇಳುವುದು ಅದರ ಕೆಲಸ. ಜೋರಾದರೆ ಎದೆ ಡವಡವ, ಬೆವರು, ನಿದ್ದೆ ಇಲ್ಲ, ತಿಂದರೂ ಮೈ ಇಳಿಯುವುದು. ಮಂದವಾದರೆ ಚಳಿ, ಮಲಬದ್ಧತೆ, ಮುಖ ಊದುವುದು, ಮರೆವು, ಸುಸ್ತು.

ಇಷ್ಟು ಗೊತ್ತಾಗಲು ಎಷ್ಟು ಕಾಲ ಹಿಡಿಯಿತು ನೋಡಿ.

ಐದು ಹೆಂಗಸರು, ಒಬ್ಬ ಹುಡುಗಿ

1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು ಐದು ಹೆಂಗಸರ ಬಗ್ಗೆ ಒಂದು ವರದಿ ಓದಿದರು. ನಡುವಯಸ್ಸಿನವರು. ಮುಖ ಊದಿಕೊಂಡಿದೆ, ನಾಲಿಗೆ ದಪ್ಪ, ಮಾತು ನಿಧಾನ, ಮೊದಲು ಚುರುಕಾಗಿದ್ದವರು ಈಗ ಕೂತಲ್ಲೇ ಕೂರುತ್ತಾರೆ. ಕಾರಣ ಅವರಿಗೂ ತಿಳಿಯಲಿಲ್ಲ. ಆದರೆ ಇದು ಸೋಮಾರಿತನವಲ್ಲ, ಕಾಯಿಲೆ ಎಂದು ಬರೆದಿಟ್ಟರಲ್ಲ, ಅದೇ ದೊಡ್ಡದು. ಐದು ವರ್ಷದ ನಂತರ ವಿಲಿಯಂ ಆರ್ಡ್ ಎಂಬುವರು ಅದಕ್ಕೆ ಮಿಕ್ಸಿಡೀಮ ಎಂಬ ಹೆಸರು ಕೊಟ್ಟರು.

ಕಾರಣ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಅದೂ ಒಂದು ದುರಂತದ ದಾರಿಯಲ್ಲಿ. ಆ ಬೆಟ್ಟದ ನಾಡಿನಲ್ಲಿ ಗಳಗಂಡ, ಅಂದರೆ ಕತ್ತಿನ ಗಡ್ಡೆ, ಮನೆಮನೆಯಲ್ಲೂ ಇತ್ತು. ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡೋರ್ ಕೋಕರ್ ಅದನ್ನು ಕುಯ್ದು ತೆಗೆಯುವುದರಲ್ಲಿ ಎತ್ತಿದ ಕೈ. 1874ರಲ್ಲಿ ಅವರು 11 ವರ್ಷದ ಒಬ್ಬ ಹುಡುಗಿಯ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ಗಾಯ ಚೆನ್ನಾಗಿ ಮಾಯಿತು. ಆದರೆ ಕೆಲವು ವರ್ಷ ಕಳೆದ ಮೇಲೆ ಊರಿನ ಡಾಕ್ಟರು ಆ ಹುಡುಗಿ ಮಂಕಾಗಿದ್ದಾಳೆ ಎಂದು ತಿಳಿಸಿದರು. ಕೋಕರ್ ಕರೆಸಿ ನೋಡಿದರೆ ಅವಳು ಬೆಳೆದೇ ಇಲ್ಲ. ಒಂದು ಕಾಲಕ್ಕೆ ಅವಳ ಹಾಗೆಯೇ ಇದ್ದ ತಂಗಿ ಅಕ್ಕನನ್ನು ದಾಟಿ ಎತ್ತರದ ಹುಡುಗಿಯಾಗಿದ್ದಳು. ಅಕ್ಕ ಕುಳ್ಳಗೆ, ಊದಿಕೊಂಡು, ಮಾತಿಗೆ ತಡವರಿಸುತ್ತ ನಿಂತಿದ್ದಳು.

ಕೋಕರ್ ತಮ್ಮ ಹಳೆಯ ರೋಗಿಗಳನ್ನೆಲ್ಲ ಹುಡುಕಿ ಕರೆಸಿದರು. ಗ್ರಂಥಿ ಪೂರ್ತಿ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಹೀಗೇ ಆಗಿದ್ದರು. 1883ರಲ್ಲಿ ಅವರು ಇದನ್ನು ತುಂಬಿದ ಸಭೆಯಲ್ಲಿ ಹೇಳಿಕೊಂಡರು, ಮತ್ತು ಗಡ್ಡೆಗೆಂದು ಪೂರ್ತಿ ಗ್ರಂಥಿ ತೆಗೆಯುವುದನ್ನು ಬಿಟ್ಟರು. ಮುಂದೆ 1909ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಲೆಕ್ಕದಲ್ಲಿ ಆ ಬಹುಮಾನಕ್ಕಿಂತ, ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿದ್ದು ದೊಡ್ಡದು. ಎಷ್ಟು ಜನ ಆಪರೇಷನ್ ಮಾಡಿದವರು ಹಾಗೆ ಮಾಡುತ್ತಾರೆ?

ಲಂಡನ್ನಿನ ಹೆಂಗಸರೂ ಬರ್ನಿನ ಹುಡುಗಿಯೂ ಒಂದೇ ಕೊರತೆಯವರು ಎಂದು ಅದೇ ವರ್ಷ ಫೆಲಿಕ್ಸ್ ಸೆಮನ್ ಎಂಬ ವೈದ್ಯರು ಲಂಡನ್ನಿನ ಸಭೆಯಲ್ಲಿ ಹೇಳಿದಾಗ ಉಳಿದವರು ನಕ್ಕರು. ಆಮೇಲೆ ಒಂದು ಸಮಿತಿ ಮಾಡಿ, 109 ರೋಗಿಗಳ ವಿವರ ಕಲೆಹಾಕಿ, 1888ರಲ್ಲಿ ಅವರು ಹೇಳಿದ್ದೇ ಸರಿ ಎಂದು ಒಪ್ಪಿದರು. ಆ ವರದಿಯಲ್ಲಿ ಇನ್ನೊಂದು ವಿಷಯ ಇತ್ತು: ಹತ್ತಿರ ಹತ್ತಿರ ಅರ್ಧದಷ್ಟು ರೋಗಿಗಳಿಗೆ ಇಲ್ಲದ್ದು ಕಾಣುವುದು, ಇಲ್ಲದ್ದು ಕೇಳುವುದು, ಭ್ರಮೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕುರಿಯ ಗ್ರಂಥಿ, ಕರವಸ್ತ್ರದ ಸೋಸು

ಕೊರತೆ ಇದ್ದರೆ ತುಂಬಬೇಕು ತಾನೇ? ಇಂಗ್ಲೆಂಡಿನ ನ್ಯೂಕಾಸಲ್‌ನ ಯುವ ವೈದ್ಯ ಜಾರ್ಜ್ ಮರ್ರೆ 1891ರಲ್ಲಿ ಮಾಡಿದ್ದು ಇದನ್ನೇ. ಆಗತಾನೇ ಕುಯ್ದ ಕುರಿಯ ಥೈರಾಯ್ಡ್ ತಂದು, ಚಿಕ್ಕದಾಗಿ ಹೆಚ್ಚಿ, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ಆಮ್ಲದಲ್ಲಿ ಒಂದು ದಿನ ನೆನೆಹಾಕಿದರು. ಕುದಿಯುವ ನೀರಿನಲ್ಲಿ ಅದ್ದಿದ ಕರವಸ್ತ್ರದಲ್ಲಿ ಹಿಂಡಿ ಸೋಸಿದರು. ಆ ರಸವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚರ್ಮದ ಕೆಳಗೆ ಚುಚ್ಚಿದರು. ಇದನ್ನು ಮಾಡುವೆನೆಂದು ಮೊದಲು ವೈದ್ಯರ ಸಭೆಯಲ್ಲಿ ಹೇಳಿದಾಗ ಒಬ್ಬರು ಹಾಸ್ಯ ಮಾಡಿದ್ದರಂತೆ.

ಮೂರು ತಿಂಗಳಲ್ಲಿ ಆಕೆಯ ಮುಖದ ಊತ ಇಳಿಯಿತು, ಮಾತು ಚುರುಕಾಯಿತು, ನಡೆದಾಡತೊಡಗಿದರು. ಮುಂದೆ ಚುಚ್ಚುಮದ್ದು ಬೇಕಿಲ್ಲ, ಬಾಯಿಂದ ಕೊಟ್ಟರೂ ಸಾಕು ಎಂದು ಗೊತ್ತಾಯಿತು. 1892ರಲ್ಲಿ ಇನ್ನೊಬ್ಬ ವೈದ್ಯರು ವಾರಕ್ಕೊಮ್ಮೆ ಅರ್ಧ ಗ್ರಂಥಿಯನ್ನು ಲಘುವಾಗಿ ಹುರಿದು, ಕೊಚ್ಚಿ, ಹಣ್ಣಿನ ಜಾಮ್ ಜೊತೆ ಕೊಟ್ಟರು. ನಮ್ಮವರಾಗಿದ್ದರೆ ಸ್ವಲ್ಪ ಮೆಣಸು ಹಾಕುತ್ತಿದ್ದರು. ಮರ್ರೆಯ ರೋಗಿ ಇನ್ನೂ 28 ವರ್ಷ ಬದುಕಿ 1919ರಲ್ಲಿ, 74ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಆಕೆಗೆ ಸಂದಿತ್ತು.

1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಲ್ ಆ ರಸದ ಸಾರವನ್ನು ಹರಳಾಗಿ ಬೇರ್ಪಡಿಸಿದರು. ಅದೇ ಥೈರಾಕ್ಸಿನ್. ಇವತ್ತು ಬೆಳಗಿನ ಕಾಫಿಗೆ ಮೊದಲು ಬರಿಹೊಟ್ಟೆಯಲ್ಲಿ ನುಂಗುವ ಆ ಪುಟ್ಟ ಬಿಳಿ ಮಾತ್ರೆಯ ಹಿಂದೆ ಇಷ್ಟೆಲ್ಲ ಕುರಿಗಳಿವೆ.

ಹೆಬ್ಬೆರಳಿನ ಡಾಕ್ಟರು

ಇಲ್ಲಿಯವರೆಗೆ ಹೇಳಿದ್ದು ಗ್ರಂಥಿ ಪೂರ್ತಿ ಸೋತುಹೋದವರ ಕಥೆ. ಜ್ವರದ ನಂತರದ ಸುಸ್ತಿನ ಕಥೆ ಶುರುವಾಗುವುದು ಸ್ವಿಟ್ಜರ್ಲೆಂಡಿನದೇ ಇನ್ನೊಂದು ಊರಿನಲ್ಲಿ. ಲಾ ಷೋ-ದ-ಫೋಂ ಅಂತ, ಗಡಿಯಾರ ಮಾಡುವವರ ಊರು. ಅಲ್ಲಿನ ಆಸ್ಪತ್ರೆಯಲ್ಲಿ ಫ್ರಿಟ್ಸ್ ಡಿ ಕ್ವೆರ್ವೇನ್ ಎಂಬ ಶಸ್ತ್ರವೈದ್ಯರಿದ್ದರು. ಮುಂದೆ ಕೋಕರ್ ಅವರ ಜಾಗಕ್ಕೆ ಬಂದವರು ಇವರೇ. ನೀವು ಇದನ್ನು ಫೋನಿನಲ್ಲಿ ಓದುತ್ತಿದ್ದೀರಿ. ಬಹಳ ಹೊತ್ತು ಫೋನ್ ಒತ್ತಿದರೆ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಒಂದು ನೋವು ಬರುತ್ತದಲ್ಲ, ಅದನ್ನು 1895ರಲ್ಲಿ ಮೊದಲು ವಿವರವಾಗಿ ಬರೆದವರೂ ಇವರೇ. ಇಂದಿಗೂ ಅದಕ್ಕೆ ಅವರ ಹೆಸರೇ ಇದೆ.

1904ರಲ್ಲಿ ಡಿ ಕ್ವೆರ್ವೇನ್ ಕತ್ತಿನ ಗ್ರಂಥಿಯ ಒಂದು ವಿಚಿತ್ರ ಬೇನೆಯ ಬಗ್ಗೆ ಬರೆದರು. ಗ್ರಂಥಿ ಊದುತ್ತದೆ, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಆದರೆ ಕೀವು ಇಲ್ಲ. ಕುಯ್ದು ತೆಗೆಯುವಂಥದ್ದೂ ಏನೂ ಇಲ್ಲ. ಕೆಲವು ವಾರ, ಕೆಲವು ತಿಂಗಳು ಕಾಡಿ ತಾನಾಗಿ ಇಳಿಯುತ್ತದೆ. ಅದಕ್ಕೂ ಮೊದಲು 1895ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ಮ್ಯೂಗಿಂಡ್ ಎಂಬುವರು ಇಂಥವರನ್ನು ಕಂಡು ಬರೆದಿದ್ದರು. ಡಿ ಕ್ವೆರ್ವೇನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಬೇರೆಯದೇ ಕಾಯಿಲೆ ಎಂದು ಗಟ್ಟಿ ಮಾಡಿದರು. ಆ ಗ್ರಂಥಿಯ ಚೂರಿನಲ್ಲಿ ದೈತ್ಯ ಕಣಗಳು ಕಾಣುತ್ತವೆ. ಕ್ಷಯದಲ್ಲೂ ಹೀಗೇ ಕಾಣುವುದರಿಂದ ಎಷ್ಟೋ ರೋಗಿಗಳಿಗೆ ಕತ್ತಿನ ಟಿಬಿ ಎಂದು ಹೇಳಿದ್ದೂ ಉಂಟು.

ಈ ನೋವಿನ ಗುರುತು ಹೀಗೆ: ಮೊದಲೊಂದು ವೈರಲ್ ಜ್ವರ, ನೆಗಡಿ, ಗಂಟಲು ಕೆರೆತ ಬಂದು ಹೋಗಿರುತ್ತದೆ. ಎರಡರಿಂದ ಎಂಟು ವಾರ ಕಳೆದ ಮೇಲೆ ಕತ್ತಿನ ಮುಂಭಾಗದಲ್ಲಿ ನೋವು. ಅದು ದವಡೆಗೆ, ಕಿವಿಗೆ ಹರಿಯುತ್ತದೆ. ಹಲ್ಲಿನ ಡಾಕ್ಟರ ಹತ್ತಿರ, ಕಿವಿಯ ಡಾಕ್ಟರ ಹತ್ತಿರ ಅಲೆದವರು ಬಹಳ. ಒಂದು ಪಕ್ಕ ಕಡಿಮೆಯಾಗಿ ಇನ್ನೊಂದು ಪಕ್ಕಕ್ಕೆ ಸರಿಯುವುದೂ ಇದೆ. ಜೊತೆಗೆ ಸಣ್ಣ ಜ್ವರ, ಮೈಕೈ ನೋವು. ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಹೆಚ್ಚು.

ಆದರೆ ಹೆಚ್ಚು ದಾರಿ ತಪ್ಪಿಸುವುದು ನೋವಲ್ಲ, ಆಮೇಲಿನ ಏರಿಳಿತ. ಅದು ಅರ್ಥವಾಗಬೇಕಾದರೆ ಗ್ರಂಥಿಯನ್ನು ಒಂದು ಕಣಜ ಎಂದುಕೊಳ್ಳಿ. ಥೈರಾಯ್ಡ್ ತನ್ನ ಹಾರ್ಮೋನನ್ನು ಆಗಿಂದಾಗ ಮಾಡಿ ಆಗಿಂದಾಗ ಖರ್ಚು ಮಾಡುವುದಿಲ್ಲ. ಎರಡು ಮೂರು ತಿಂಗಳಿಗಾಗುವಷ್ಟು ಒಳಗೆ ತುಂಬಿಟ್ಟಿರುತ್ತದೆ. ಉರಿಯೂತ ಬಂದು ಕಣಜದ ಗೋಡೆ ಒಡೆದರೆ ಕೂಡಿಟ್ಟ ಕಾಳೆಲ್ಲ ಒಟ್ಟಿಗೆ ರಕ್ತಕ್ಕೆ ಸೋರುತ್ತದೆ. ಆಗ ಎದೆ ಬಡಿತ ಜೋರು, ಕೈ ನಡುಕ, ಬೆವರು, ಸಿಡುಕು. ರಕ್ತ ಪರೀಕ್ಷೆ ಮಾಡಿದರೆ ಹಾರ್ಮೋನು ಹೆಚ್ಚು. ಕೆಲವು ವಾರದಲ್ಲಿ ಕಣಜ ಖಾಲಿ. ಗೋಡೆ ಇನ್ನೂ ರಿಪೇರಿಯಾಗಿಲ್ಲ, ಹೊಸ ಕಾಳು ಬಂದಿಲ್ಲ. ಈಗ ಪರೀಕ್ಷೆ ಮಾಡಿದರೆ ಹಾರ್ಮೋನು ಕಡಿಮೆ. ಸುಸ್ತು, ಚಳಿ, ಮಂಕು. ಇನ್ನೂ ಕೆಲವು ತಿಂಗಳು ಕಳೆದರೆ ಹೆಚ್ಚಿನವರಲ್ಲಿ ಕಣಜ ಮತ್ತೆ ತುಂಬುತ್ತದೆ. ಕೆಲವರಲ್ಲಿ ಮಾತ್ರ ತುಂಬುವುದೇ ಇಲ್ಲ. ಅವರಿಗೆ ಮಾತ್ರೆ ಜೀವನಪೂರ್ತಿ ಬೇಕಾಗಬಹುದು.

ಒಂದೇ ಕಾಯಿಲೆ, ಮೂರು ತಿಂಗಳ ಅಂತರದಲ್ಲಿ ಎರಡು ತದ್ವಿರುದ್ಧ ರಿಪೋರ್ಟು. ಯಾವ ವಾರ ನೀವು ಲ್ಯಾಬಿಗೆ ಹೋದಿರಿ ಅನ್ನುವುದರ ಮೇಲೆ ನಿಮ್ಮ ಕಾಯಿಲೆಯ ಹೆಸರು ನಿಂತಿರುತ್ತದೆ.

ಮಂಗನಬಾವಿನ ಸುಳಿವು

ಜ್ವರದ ನಂತರವೇ ಇದು ಯಾಕೆ ಬರುತ್ತದೆ ಅನ್ನುವುದಕ್ಕೆ ಬಹಳ ಕಾಲ ಅಂದಾಜು ಬಿಟ್ಟರೆ ಏನೂ ಇರಲಿಲ್ಲ. 1957ರಲ್ಲಿ ಇಸ್ರೇಲಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅಲ್ಲಿ ಮಂಗನಬಾವು ಹರಡಿದ್ದ ಸಮಯದಲ್ಲಿ ಕತ್ತಿನ ಗ್ರಂಥಿ ನೋವಿನ ರೋಗಿಗಳೂ ಬಂದಿದ್ದರು. ಅವರ ರಕ್ತದಲ್ಲಿ ಮಂಗನಬಾವಿನ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಕೆಲವರ ಗ್ರಂಥಿಯಿಂದಲೇ ಆ ವೈರಸ್ಸನ್ನು ಬೇರ್ಪಡಿಸಿದರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ದಡಾರ, ಫ್ಲೂ, ಕಾಕ್ಸಾಕಿ ಮುಂತಾದ ವೈರಸ್‌ಗಳ ಸುಳಿವುಗಳೂ ಸಿಕ್ಕವು. 1975ರಲ್ಲಿ ಇನ್ನೊಂದು ಎಳೆ: ಹುಟ್ಟಿನಿಂದ ಬರುವ ಒಂದು ಜೀವಕೋಶದ ಗುರುತು ಇರುವವರಿಗೆ ಈ ಬೇನೆ ಹೆಚ್ಚು. ಒಂದೇ ಮನೆಯಲ್ಲಿ ನಾಲ್ವರಿಗೆ ಒಂದೇ ಜ್ವರ ಬಂದರೂ ಒಬ್ಬರ ಕತ್ತು ಮಾತ್ರ ಊದುವುದಕ್ಕೆ ಇದೂ ಒಂದು ಕಾರಣ. ವೈರಸ್ ನೇರವಾಗಿ ಗ್ರಂಥಿಯನ್ನು ಕೆಡಿಸುತ್ತದೆಯೋ, ವೈರಸ್ಸಿನ ಮೇಲೆ ಎದ್ದ ದೇಹದ ಸೈನ್ಯ ತನ್ನದೇ ಕಣಜಕ್ಕೆ ಬೆಂಕಿ ಇಡುತ್ತದೆಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ.

"ಎಲ್ಲ ಮನಸ್ಸಿನದು"

1949ರಲ್ಲಿ ಲಂಡನ್ನಿನ ರಿಚರ್ಡ್ ಆಷರ್ 14 ರೋಗಿಗಳ ಬಗ್ಗೆ ಒಂದು ಲೇಖನ ಬರೆದರು. ಹುಚ್ಚು ಹಿಡಿದಿದೆ ಎಂದು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದವರೂ ಅವರಲ್ಲಿದ್ದರು. ಅವರ ಊದಿದ ಮುಖ, ಒರಟು ದನಿ ನೋಡಿ ಆಷರ್‌ಗೆ ಅನುಮಾನ ಬಂತು. ಥೈರಾಯ್ಡ್ ಮಾತ್ರೆ ಕೊಟ್ಟ ಮೇಲೆ ಹೆಚ್ಚಿನವರು ಪೂರ್ತಿ ಸರಿಹೋದರು. ಇದು ಜ್ವರದ ನಂತರದ ಬೇನೆಯಲ್ಲ, ಗ್ರಂಥಿ ನಿಧಾನವಾಗಿ ಸೋತವರದು. ಆದರೂ ನಮಗೆ ಇಲ್ಲಿ ಮುಖ್ಯ ಅನ್ನಿಸುವುದು ಬೇರೆ. 1888ರ ವರದಿಯಲ್ಲೇ ಭ್ರಮೆಯ ವಿಷಯ ಅಚ್ಚಾಗಿತ್ತು. ಆಮೇಲೂ ಅರವತ್ತು ವರ್ಷ ಕಾಲ ಇಂಥವರನ್ನು ಬೀಗ ಹಾಕಿದ ಕೋಣೆಗಳಲ್ಲಿ ಇಡುತ್ತಿದ್ದರು. ಔಷಧಿ ಅಂಗಡಿಯಲ್ಲೇ ಇತ್ತು.

ಇನ್ನೊಂದು ಪ್ರಸಂಗ 1955ರದು. ಅದರಲ್ಲಿ ಥೈರಾಯ್ಡ್ ಇಲ್ಲ, ಆದರೂ ಹೇಳಲೇಬೇಕು, ಯಾಕೆಂದರೆ ಎಲ್ಲ ಸುಸ್ತನ್ನೂ ಥೈರಾಯ್ಡ್ ತಲೆಗೆ ಕಟ್ಟುವುದೂ ತಪ್ಪೇ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಜುಲೈ ತಿಂಗಳಲ್ಲಿ ನರ್ಸುಗಳು, ಡಾಕ್ಟರುಗಳು ಒಬ್ಬರ ಹಿಂದೆ ಒಬ್ಬರು ಕಾಯಿಲೆ ಬಿದ್ದರು. ಗಂಟಲು ನೋವು, ತಲೆನೋವು, ಕೈಕಾಲು ಸೋಲುವುದು. ನವೆಂಬರ್ ಹೊತ್ತಿಗೆ 292 ಸಿಬ್ಬಂದಿ ಮಲಗಿದ್ದರು. ಆಸ್ಪತ್ರೆಯನ್ನೇ ಜುಲೈ 25ರಿಂದ ಅಕ್ಟೋಬರ್ ಮೊದಲ ವಾರದವರೆಗೆ ಮುಚ್ಚಬೇಕಾಯಿತು. ಕೆಲವರ ಸುಸ್ತು ವರ್ಷಗಟ್ಟಲೆ ಹೋಗಲಿಲ್ಲ. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ಓದಿ, ರೋಗಿಗಳನ್ನು ಮಾತಾಡಿಸದೆ, ಇದು ಗುಂಪಿಗೆ ಹಿಡಿದ ಹಿಸ್ಟೀರಿಯಾ ಎಂದು ತೀರ್ಮಾನಿಸಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಅನ್ನುವುದು. "ಕೆಲಸ ತಪ್ಪಿಸ್ಕೊಳ್ಳೋಕೆ ನೆವ" ಅನ್ನುವುದರ ಪದವೀಧರ ರೂಪ ಅಂದರೆ ಇದೇ. ಸೋಂಕಿನ ನಂತರ ಉಳಿಯುವ ಇಂಥ ದೀರ್ಘ ಬಳಲಿಕೆ ಮೈಯ ಕಾಯಿಲೆಯೇ ಎಂದು ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದರ ದೊಡ್ಡ ವರದಿ ಹೇಳಿದ್ದು 2015ರಲ್ಲಿ. ರಾಯಲ್ ಫ್ರೀ ಘಟನೆ ನಡೆದು 60 ವರ್ಷದ ಮೇಲೆ.

ನಮ್ಮ ಕಡೆ

ನಮ್ಮ ದೇಶದಲ್ಲಿ ಕತ್ತಿನ ಗ್ರಂಥಿ ಅಂದರೆ ಬಹಳ ಕಾಲ ಉಪ್ಪಿನ ಮಾತು. ಗಳಗಂಡ ಎಂಬ ಪದವೇ ಹಳೆಯ ಆಯುರ್ವೇದ ಗ್ರಂಥಗಳದು. 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಸುಮಾರು ಒಂದು ಲಕ್ಷ ಜನರ ನಡುವೆ ಒಂದು ಪ್ರಯೋಗ ಮಾಡಿದರು. ಕಣಿವೆಯನ್ನು ಮೂರು ಭಾಗ ಮಾಡಿ ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಬರಿ ಉಪ್ಪು. ಕೆಲವೇ ವರ್ಷದಲ್ಲಿ ಅಯೋಡಿನ್ ಉಪ್ಪಿನ ಕಡೆ ಗಡ್ಡೆಗಳು ಅರ್ಧದಷ್ಟು ಇಳಿದವು, ಬರಿ ಉಪ್ಪಿನ ಕಡೆ ಹಾಗೇ ಉಳಿದವು. 1962ರಲ್ಲಿ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅಂಗಡಿಯ ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಎಂದು ಬರೆದಿರುವುದರ ಮೂಲ ಇಲ್ಲಿದೆ. ವೈರಸ್ಸಿನಿಂದ ಬರುವ ಗ್ರಂಥಿಯ ಉರಿಯೂತಕ್ಕೂ ಉಪ್ಪಿಗೂ ಸಂಬಂಧವಿಲ್ಲ. ಉಪ್ಪು ಹೆಚ್ಚು ತಿಂದರೆ ವಾಸಿಯಾಗುವುದಿಲ್ಲ, ಬಿಟ್ಟರೂ ವಾಸಿಯಾಗುವುದಿಲ್ಲ.

ಜ್ವರ ಬಿಟ್ಟ ಮೇಲೂ ಬಿಡದ ನೋವಿನ ಪಾಠವನ್ನು ಕರ್ನಾಟಕ ಇಡಿಯಾಗಿ ಕಲಿತದ್ದು 2006ರಲ್ಲಿ. ಚಿಕೂನ್‌ಗುನ್ಯ ಬಂದ ವರ್ಷ. ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು ದಾಖಲಾದರು. ಜ್ವರ ನಾಲ್ಕೈದು ದಿನ, ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ. ಆ ಹೆಸರು ಆಫ್ರಿಕದ ಮಕೊಂಡೆ ಭಾಷೆಯದು, ಮೈ ಬಗ್ಗಿಹೋಗುವುದು ಎಂಬ ಅರ್ಥ. ಊರಿಗೆ ಊರೇ ಗೋಡೆ ಹಿಡಿದು ನಡೆದ ಆ ವರ್ಷ ಯಾರೂ ಯಾರನ್ನೂ ಸೋಗು ಅನ್ನಲಿಲ್ಲ, ಯಾಕೆಂದರೆ ಅನ್ನುವವರ ಮೊಣಕಾಲೂ ಹಿಡಿದಿತ್ತು. ಒಬ್ಬರಿಗೇ ಬಂದಾಗ ಮಾತ್ರ ಅದು ನೆವ ಆಗುತ್ತದೆ.

ಪೀಸಾದ ಹುಡುಗಿ

ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಚೂರು ಇರುವ ಹಾರ್ಮೋನನ್ನು ಅಳೆಯುವ ವಿದ್ಯೆ ಬಂದದ್ದು 1960ರ ಸುಮಾರಿಗೆ. ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ರೊಸಾಲಿನ್ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲು ಗ್ರಂಥಿ ಹೇಗಿದೆ ಎಂದು ತಿಳಿಯಲು ರೋಗಿಯನ್ನು ಬರಿಹೊಟ್ಟೆಯಲ್ಲಿ ಮಲಗಿಸಿ, ಕೊಳವೆಯಲ್ಲಿ ಉಸಿರಾಡಿಸಿ, ಎಷ್ಟು ಆಮ್ಲಜನಕ ಖರ್ಚಾಯಿತು ಎಂದು ಲೆಕ್ಕ ಹಾಕುತ್ತಿದ್ದರು. ಈಗ ಟಿಎಸ್‌ಎಚ್ ಪರೀಕ್ಷೆ ತಾಲ್ಲೂಕು ಕೇಂದ್ರದ ಲ್ಯಾಬುಗಳಲ್ಲೂ ಆಗುತ್ತದೆ. ಟಿಎಸ್‌ಎಚ್ ಅನ್ನುವುದು ಮಿದುಳಿನ ಬುಡದಿಂದ ಥೈರಾಯ್ಡಿಗೆ ಬರುವ ಕೂಗು. ಹಾರ್ಮೋನು ಕಡಿಮೆಯಾದರೆ ಕೂಗು ಜೋರಾಗುತ್ತದೆ, ಹೆಚ್ಚಾದರೆ ಕೂಗು ನಿಲ್ಲುತ್ತದೆ. ಅದಕ್ಕೇ ರಿಪೋರ್ಟಿನಲ್ಲಿ ಟಿಎಸ್‌ಎಚ್ ಹೆಚ್ಚು ಅಂತ ಇದ್ದರೆ ಗ್ರಂಥಿ ಮಂದ ಎಂದು ಅರ್ಥ. ಉಲ್ಟಾ ಓದಿ ಗಾಬರಿಯಾದವರನ್ನು ನಾವು ನೋಡಿದ್ದೇವೆ.

ಕೋವಿಡ್ ಶುರುವಾದ ಮೊದಲ ತಿಂಗಳುಗಳಲ್ಲೇ, 2020ರ ಮೇನಲ್ಲಿ, ಇಟಲಿಯ ಪೀಸಾದ ವೈದ್ಯರು 18 ವರ್ಷದ ಒಬ್ಬ ಹುಡುಗಿಯ ಬಗ್ಗೆ ಬರೆದರು. ಕೋವಿಡ್ ಪಾಸಿಟಿವ್ ಬಂದಿತ್ತು, ಸೌಮ್ಯವಾಗಿ ಬಂದು ಹೋಗಿತ್ತು. ಸುಮಾರು ಹದಿನೈದು ದಿನ ಕಳೆದ ಮೇಲೆ ಮತ್ತೆ ಜ್ವರ, ಕತ್ತು ನೋವು, ದವಡೆಗೆ ಹರಿಯುವ ನೋವು, ಎದೆ ಬಡಿತ. ಹಾರ್ಮೋನು ಹೆಚ್ಚು, ಟಿಎಸ್‌ಎಚ್ ಸಿಗದಷ್ಟು ಕಡಿಮೆ. 1904ರಲ್ಲಿ ಡಿ ಕ್ವೆರ್ವೇನ್ ಬರೆದಿಟ್ಟದ್ದೇ ಈ ಕಾಯಿಲೆ, ವೈರಸ್ ಮಾತ್ರ ಹೊಸದು. ಸ್ಟೆರಾಯ್ಡ್ ಕೊಟ್ಟರು. ಎರಡು ದಿನದಲ್ಲಿ ನೋವು, ಜ್ವರ ಇಳಿಯಿತು. 40 ದಿನಕ್ಕೆ ರಕ್ತ ಪರೀಕ್ಷೆ ಸರಿಬಂತು. ಅದು ಮೊದಲ ವರದಿ. ಆಮೇಲೆ ನಮ್ಮ ದೇಶವೂ ಸೇರಿದಂತೆ ಎಲ್ಲ ಕಡೆಯಿಂದ ಇಂಥ ವರದಿಗಳು ಬಂದವು.

ಅದೇ ಮೇ ತಿಂಗಳಲ್ಲಿ ಇಟಲಿಯವರೇ ಆದ ಎಲಿಸಾ ಪೆರೆಗೊ ಎಂಬ ಪುರಾತತ್ವ ಸಂಶೋಧಕಿ, ತಮಗೇ ಕೋವಿಡ್ ಬಂದು ಬಿಡದೆ ಕಾಡುತ್ತಿದ್ದಾಗ, ಲಾಂಗ್ ಕೋವಿಡ್ ಎಂಬ ಹೆಸರು ಬಳಸಿದರು. ಕಾಯಿಲೆಗೆ ಹೆಸರಿಟ್ಟವರು ಈ ಸಲ ಡಾಕ್ಟರಲ್ಲ, ರೋಗಿ. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ವ್ಯಾಖ್ಯೆ ಕೊಟ್ಟಿತು: ಸಾಮಾನ್ಯವಾಗಿ ಸೋಂಕಿನಿಂದ ಮೂರು ತಿಂಗಳ ಹೊತ್ತಿಗೆ ಕಾಣುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ತೊಂದರೆ. ಈ ಕೊನೆಯ ಮಾತು ಗಮನಿಸಿ. ಬೇರೆ ಕಾಯಿಲೆ ಇಲ್ಲ ಎಂದು ಹೇಳಬೇಕಾದರೆ ಹುಡುಕಿ ನೋಡಿರಬೇಕು. ಹುಡುಕಬೇಕಾದ ಪಟ್ಟಿಯಲ್ಲಿ ರಕ್ತಹೀನತೆ, ಸಕ್ಕರೆ, ಟಿಬಿಯ ಜೊತೆ ಥೈರಾಯ್ಡ್ ಕೂಡ ಇದೆ.

ಹುಡುಕುವಾಗ ಆಗುವ ಎಡವಟ್ಟುಗಳನ್ನೂ ಹೇಳಿಬಿಡುತ್ತೇವೆ. ಕಣಜ ಸೋರುವ ವಾರಗಳಲ್ಲಿ ಪರೀಕ್ಷೆ ಮಾಡಿಸಿದರೆ ಹಾರ್ಮೋನು ಹೆಚ್ಚು ಬರುತ್ತದೆ. ಗ್ರಂಥಿ ಹೆಚ್ಚು ತಯಾರಿಸುವುದನ್ನು ತಡೆಯುವ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಗ್ರಂಥಿ ಹೆಚ್ಚು ತಯಾರಿಸುತ್ತಲೇ ಇಲ್ಲ, ಕೂಡಿಟ್ಟದ್ದು ಸೋರುತ್ತಿದೆ. ಈ ಹಂತದಲ್ಲಿ ಡಾಕ್ಟರುಗಳು ಕೊಡುವುದು ನೋವಿನ ಮಾತ್ರೆ, ಬೇಕಾದರೆ ಸ್ಟೆರಾಯ್ಡ್, ಎದೆ ಬಡಿತ ತಗ್ಗಿಸುವ ಮಾತ್ರೆ. ಖಾಲಿಯಾದ ಹಂತದಲ್ಲಿ ಪರೀಕ್ಷೆ ಮಾಡಿಸಿದವರಿಗೆ ಥೈರಾಕ್ಸಿನ್ ಶುರುವಾಗುತ್ತದೆ. ಕೆಲವರಿಗೆ ಅದು ಕೆಲವೇ ತಿಂಗಳು ಬೇಕಾಗಿರುತ್ತದೆ, ಆದರೆ ಮತ್ತೆ ಪರೀಕ್ಷೆ ಮಾಡದೆ ವರ್ಷಗಟ್ಟಲೆ ನುಂಗುತ್ತಾರೆ. ಹಾಗಂತ ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಹಾಶಿಮೋಟೊ ಎಂಬ ಜಪಾನಿ ವೈದ್ಯರು 1912ರಲ್ಲಿ ಗುರುತಿಸಿದ ಇನ್ನೊಂದು ಬಗೆಯ ಉರಿಯೂತ ಇದೆ, ಸಾಮಾನ್ಯವಾಗಿ ನೋವಿಲ್ಲದ್ದು. ಅದರಿಂದ ಗ್ರಂಥಿ ಸೋತವರು ಬಹಳ ಜನ. ಅವರಲ್ಲಿ ಹೆಚ್ಚಿನವರಿಗೆ ಮಾತ್ರೆ ಕೊನೆತನಕ ಬೇಕು. ಬಸುರಿಯರಂತೂ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು. ಹೆರಿಗೆಯ ನಂತರದ ವರ್ಷದಲ್ಲಿ ಬಾಣಂತಿಯರಿಗೂ ನೋವಿಲ್ಲದೆ ಇದೇ ರೀತಿ ಏರಿ ಇಳಿಯುವ ಒಂದು ಬೇನೆ ಬರುತ್ತದೆ. ಅದನ್ನು ಬಾಣಂತಿ ಸನ್ನಿಯ ಲೆಕ್ಕಕ್ಕೆ ಸೇರಿಸಿಬಿಡುವ ಮನೆಗಳಿವೆ.

ಎದೆ ಬಡಿತ ತೀರಾ ಹೆಚ್ಚಾದರೆ, ಉಸಿರು ಕಟ್ಟಿದರೆ, ನುಂಗಲು ಆಗದಿದ್ದರೆ ಕಾಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಅಷ್ಟಿಲ್ಲದಿದ್ದರೂ ಡಾಕ್ಟರ ಮುಂದೆ ಕೂತಾಗ "ಸುಸ್ತು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಜ್ವರ ಬಂದದ್ದು ಯಾವಾಗ, ಬಿಟ್ಟದ್ದು ಯಾವಾಗ, ಕತ್ತು ನೋವು ಇತ್ತೇ, ಮೊದಲು ಎದೆ ಬಡಿತ ಜೋರಾಗಿ ಆಮೇಲೆ ಮಂಕಾಯಿತೇ, ಇವನ್ನು ಹೇಳಿ. ಒಂದು ರಿಪೋರ್ಟು ಬಂದ ಮೇಲೆ ಆರೆಂಟು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕೇ ಎಂದು ಕೇಳಿ. ಎಲ್ಲ ಪರೀಕ್ಷೆಯೂ ಸರಿಯಾಗಿ ಬಂದು ಸುಸ್ತು ಮಾತ್ರ ಉಳಿದವರೂ ಇದ್ದಾರೆ. ರಾಯಲ್ ಫ್ರೀ ನರ್ಸುಗಳ ಸಾಲಿನವರು ಅವರು.

ಪೀಸಾದ ವರದಿಯಲ್ಲಿ ಇನ್ನೊಂದು ಸಣ್ಣ ವಿವರ ಇದೆ. ಆ ಹುಡುಗಿಗೆ ತಿಂಗಳ ಹಿಂದೆಯಷ್ಟೇ ಥೈರಾಯ್ಡ್ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಆಗಿತ್ತು, ಎರಡೂ ಸರಿಯಾಗಿದ್ದವು. ಆ ಹಳೆಯ ಚೀಟಿ ಇದ್ದದ್ದರಿಂದಲೇ ಇದು ಹೊಸದಾಗಿ, ಸೋಂಕಿನ ನಂತರ ಬಂದದ್ದು ಎಂದು ವೈದ್ಯರು ಧೈರ್ಯವಾಗಿ ಬರೆಯಲು ಆಯಿತು. ನಮ್ಮ ಮನೆಗಳಲ್ಲಿ ಲ್ಯಾಬಿನ ಚೀಟಿಗಳು ಒಂದೋ ಒಲೆಗೆ ಹೋಗುತ್ತವೆ, ಇಲ್ಲ ಮಳೆಗಾಲದಲ್ಲಿ ಸೂರಿನ ಸಂದಿಯಲ್ಲಿ ನೆನೆದು ಅಕ್ಷರ ಅಳಿಸಿಹೋಗುತ್ತವೆ. ನಿಮ್ಮದೂ ಹಾಗೇ ಇದ್ದರೆ ಇವತ್ತೇ ಒಂದೊಂದನ್ನೂ ತಾರೀಕು ಕಾಣುವ ಹಾಗೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.